ಬೆಳಿಗ್ಗೆ ಆರೂವರೆಯ ಬೆಳಕು: ಒಂದು ಪ್ರಕರಣ ಅಧ್ಯಯನ

ಅವರು ನನ್ನ ಕೋಣೆಗೆ ಮೊದಲ ಸಲ ಬಂದದ್ದು ಡಿಸೆಂಬರ್ ಮೊದಲ ವಾರ, ಮಧ್ಯಾಹ್ನ ಎರಡೂವರೆಗೆ. ಸ್ಟಾಕ್‌ಹೋಮಿನಲ್ಲಿ ಆ ಹೊತ್ತಿಗೆ ಸಂಜೆ ಕವಿಯತೊಡಗಿರುತ್ತದೆ. ಕೋಟು ಬಿಚ್ಚುವ ಮೊದಲೇ ಚೀಲದಿಂದ ಕನ್ನಡಕದಂಥ ಒಂದು ಬಿಳಿ ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟರು. ಚಳಿಗಾಲದ ಖಿನ್ನತೆಗೆ ಬೆಳಕಿನ ಚಿಕಿತ್ಸೆ ಪಡೆಯಲು ಧರಿಸುವ ಸಾಧನ ಅದು. ಗಾಜಿಲ್ಲ, ಚೌಕಟ್ಟು ಮಾತ್ರ. ಹುಬ್ಬಿನ ಮೇಲೆ ಬರುವ ಪಟ್ಟಿಯ ಒಳಬದಿಯಲ್ಲಿ ಪುಟ್ಟ ಎಲ್‌ಇಡಿ ದೀಪಗಳು.

"ಡಾಕ್ಟ್ರೇ, ಮೂರು ವಾರದಿಂದ ಒಂದು ದಿನವೂ ಬಿಡದೆ ಹಾಕ್ಕೋತಿದೀನಿ. ಮೊದಲು ಎರಡೂವರೆಗಾದ್ರೂ ನಿದ್ದೆ ಬರ್ತಿತ್ತು. ಈಗ ನಾಲ್ಕು ಗಂಟೆಯಾದ್ರೂ ಬರಲ್ಲ" ಎಂದರು.

ನಾನು ಇಲ್ಲಿನ ಒಂದು ಹೊರರೋಗಿ ವಿಭಾಗದಲ್ಲಿ ಮನೋವೈದ್ಯೆ. ಕನ್ನಡದಲ್ಲಿ ಮಾತಾಡಬಹುದು ಎಂಬ ಕಾರಣಕ್ಕೆ ಅವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅವರ ಮತ್ತು ಅವರ ಹೆಂಡತಿಯ ಒಪ್ಪಿಗೆಯಿಂದ ಇದನ್ನು ಬರೆಯುತ್ತಿದ್ದೇನೆ, ಇಬ್ಬರೂ ಓದಿ ಕೆಲವು ಕಡೆ ತಿದ್ದಿಸಿದ್ದಾರೆ. ಊರು, ಉದ್ಯೋಗ, ಮನೆಯ ವಿವರಗಳನ್ನು ಗುರುತು ಹತ್ತದಷ್ಟು ಬದಲಿಸಿದ್ದೇನೆ. ಗಂಟೆಗಳನ್ನು ಮಾತ್ರ ಮುಟ್ಟಿಲ್ಲ. ಈ ಪ್ರಕರಣದಲ್ಲಿ ಕಲಿಯಬೇಕಾದ ಬಹುಪಾಲು ಆ ಗಂಟೆಗಳಲ್ಲೇ ಇದೆ.

ಹಿನ್ನೆಲೆ

ಮೂವತ್ತು ದಾಟಿದವರು. ಮಲೆನಾಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೆಲವು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಹೆಂಡತಿ ಮತ್ತು ಮೂರು ವರ್ಷದ ಮಗಳೊಂದಿಗೆ ಇಲ್ಲಿಗೆ ಬಂದವರು. ಅದು ಅವರ ಎರಡನೇ ಚಳಿಗಾಲ. ಮೊದಲನೆಯದರಲ್ಲಿ ಅಕ್ಟೋಬರ್ ಕೊನೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಮೈ ಭಾರವಾಗತೊಡಗಿತ್ತು. ಎಷ್ಟು ಮಲಗಿದರೂ ಸಾಲದು, ಬ್ರೆಡ್ಡು, ಬನ್ನು, ಸಿಹಿ ಎಂದರೆ ಕೈ ತಡೆಯದು. ಆರು ಕಿಲೋ ತೂಕ ಏರಿತ್ತು. ಏಪ್ರಿಲ್‌ನಲ್ಲಿ ತಾನಾಗಿಯೇ ಹಗುರಾಯಿತು. ಹೊಸ ಊರು, ಹೊಸ ಚಳಿ, ಒಗ್ಗಿಕೊಳ್ಳಲು ಹೊತ್ತು ಬೇಕು ಎಂದುಕೊಂಡು ಇಬ್ಬರೂ ಸುಮ್ಮನಾದರು.

ಎರಡನೇ ಸಲ ಅದು ಬೇರೆ ರೀತಿಯಲ್ಲಿ ಬಂತು. ಮನಸ್ಸು ಕುಗ್ಗುವುದರ ಜೊತೆಗೆ ನಿದ್ದೆಯ ಹೊತ್ತು ಜಾರತೊಡಗಿತು. ಹನ್ನೆರಡಿದ್ದದ್ದು ಒಂದಾಯಿತು, ಒಂದು ಎರಡೂವರೆಯಾಯಿತು. ಮನೆಯಿಂದಲೇ ಕೆಲಸ ಮಾಡಲು ಅನುಮತಿ ಇದ್ದದ್ದರಿಂದ ಅವರು ರಾತ್ರಿ ಹತ್ತರಿಂದ ಒಂದರವರೆಗೆ ಎರಡು ದೊಡ್ಡ ಪರದೆಗಳ ಮುಂದೆ ಕೂತು ಹಗಲಿನ ಬಾಕಿ ತೀರಿಸುತ್ತಿದ್ದರು. "ಬೆಳಿಗ್ಗೆ ಮಾಡಿಟ್ಟ ಉಪ್ಪಿಟ್ಟನ್ನ ಮಧ್ಯಾಹ್ನ ಮೂರಕ್ಕೆ ತಿಂತಾರೆ. ಮಗಳ ಮುಖ ನೋಡಿದ್ರೂ ನಗಲ್ಲ" ಎಂದರು ಹೆಂಡತಿ.

ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯಾಗಿತ್ತು. ಥೈರಾಯ್ಡ್ ಸರಿಯಿತ್ತು, ವಿಟಮಿನ್ ಡಿ ಕಡಿಮೆ. ನಮ್ಮ ಬಣ್ಣದ ಚರ್ಮದವರಿಗೆ ಈ ಅಕ್ಷಾಂಶದಲ್ಲಿ ಇದು ತೀರಾ ಸಾಮಾನ್ಯ. ಮಾತ್ರೆ ನುಂಗಿ ಡಿ ಮಟ್ಟ ಏರಿತು, ಮನಸ್ಸು ಏರಲಿಲ್ಲ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿಕೊಂಡಿದೆ, ಹೇಳಿಬಿಡುತ್ತೇನೆ. ಬೆಳಕಿನ ಚಿಕಿತ್ಸೆಯ ದೀಪಗಳಿಂದ ವಿಟಮಿನ್ ಡಿ ಬರುವುದಿಲ್ಲ. ಅವುಗಳಿಂದ ನೇರಳಾತೀತ ಕಿರಣ ಹೊರಬೀಳಬಾರದು ಎಂಬುದೇ ನಿಯಮ. ಅವು ಕೆಲಸ ಮಾಡುವುದು ಕಣ್ಣಿನ ಮೂಲಕ, ಚರ್ಮದ ಮೂಲಕವಲ್ಲ.

ಅವರು ಇನ್ನೊಂದು ಪ್ರಶ್ನೆ ಕೇಳಿದರು. ಇಲ್ಲಿರುವ ಕನ್ನಡಿಗರು ಅನೇಕರು ಅದನ್ನೇ ಕೇಳುತ್ತಾರೆ. "ನಮ್ಮೂರಲ್ಲಿ ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಕಾಣಲ್ಲ. ಅಲ್ಲಿ ಏನೂ ಆಗದ ಮನುಷ್ಯನಿಗೆ ಇಲ್ಲೇನಾಯ್ತು?"

ಆಷಾಢದ ಮಲೆನಾಡಿನಲ್ಲಿ ಮೋಡ ಎಷ್ಟೇ ದಟ್ಟವಾಗಿದ್ದರೂ ಹಗಲು ಹೆಚ್ಚುಕಡಿಮೆ 13 ಗಂಟೆ ಇರುತ್ತದೆ. ಮೋಡದಡಿಯ ಬಯಲಲ್ಲೂ ಸಾವಿರಾರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕಿರುತ್ತದೆ. ಜಗಲಿ, ಅಂಗಳ, ಕೊಟ್ಟಿಗೆ, ತೋಟ ಎಂದು ಜನ ಅದರಲ್ಲೇ ಓಡಾಡುತ್ತಾರೆ. ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ಮೂರನೇ ವಾರ ಸೂರ್ಯ ಹುಟ್ಟುವುದು 8:45ರ ಹೊತ್ತಿಗೆ, ಮುಳುಗುವುದು 2:50ರ ಹೊತ್ತಿಗೆ. ನಡುಹಗಲಲ್ಲೂ ಅದು ದಿಗಂತದಿಂದ ಏಳು ಡಿಗ್ರಿ ಮೇಲೇರುತ್ತದೆ, ಅಷ್ಟೇ. ಆ ಆರು ಗಂಟೆಯ ಹಗಲನ್ನು ಅವರು ಪರದೆ ಎಳೆದ ಕೋಣೆಯಲ್ಲಿ ನಿದ್ದೆಯಲ್ಲೋ, 200-300 ಲಕ್ಸ್‌ನ ದೀಪದ ಕೆಳಗೋ ಕಳೆಯುತ್ತಿದ್ದರು. ಕಣ್ಣಿಗೆ ಕೋಣೆ ಬೆಳಗಿದಂತೆಯೇ ಕಾಣುತ್ತದೆ. ನಿದ್ದೆ-ಎಚ್ಚರದ ಹೊತ್ತು ನಡೆಸುವ ಮಿದುಳಿನ ಗಡಿಯಾರಕ್ಕೆ ಅದು ಹಗಲೆನಿಸುವುದಿಲ್ಲ.

ಕನ್ನಡಕ ತರಿಸಿದ್ದು ಹೆಂಡತಿ, ಆನ್‌ಲೈನ್‌ನಲ್ಲಿ ಓದಿ. ಮೊದಲು ಮೇಜಿನ ಮೇಲಿಡುವ ದೀಪದ ಪೆಟ್ಟಿಗೆಯನ್ನು ಪಕ್ಕದ ಮನೆಯವರಿಂದ ಎರವಲು ತಂದಿದ್ದರು. ಅದರ ವಾಡಿಕೆಯ ಪ್ರಮಾಣ 10,000 ಲಕ್ಸ್, ಬೆಳಿಗ್ಗೆ ಅರ್ಧ ಗಂಟೆ. ಆದರೆ ಆ ಬೆಳಕು ಸಿಗಬೇಕಾದರೆ ಪೆಟ್ಟಿಗೆಯಿಂದ ಒಂದಡಿ, ಒಂದೂವರೆ ಅಡಿ ದೂರದಲ್ಲೇ ಕೂತಿರಬೇಕು, ಹಿಂದೆ ಸರಿದರೆ ಲಕ್ಸ್ ಬೇಗನೆ ಕುಸಿಯುತ್ತದೆ. ಮೂರು ವರ್ಷದ ಮಗುವಿಗೆ ಪದರಪದರವಾಗಿ ಉಣ್ಣೆ ಬಟ್ಟೆ ತೊಡಿಸಿ ಶಾಲೆಗೆ ಹೊರಡಿಸುವ ಮನೆಯಲ್ಲಿ ಯಾರು ಅರ್ಧ ಗಂಟೆ ಅಲುಗದೆ ಕೂರುತ್ತಾರೆ? ಧರಿಸುವ ದೀಪದ ನಿಜವಾದ ಉಪಯೋಗ ಇರುವುದು ಇಲ್ಲಿ. ಅದನ್ನು ಹಾಕಿಕೊಂಡೇ ಚಹಾ ಮಾಡಬಹುದು, ಜಡೆ ಹೆಣೆಯಬಹುದು. ಬೆಳಕು ಕಣ್ಣಿಗೆ ತೀರ ಹತ್ತಿರವಿರುವುದರಿಂದಲೂ ಅದರಲ್ಲಿ ನೀಲಿ ಅಥವಾ ನೀಲಿ-ಹಸಿರಿನ ಪಾಲು ಹೆಚ್ಚಿರುವುದರಿಂದಲೂ ಸುಮಾರು 500ರಿಂದ 1,500 ಲಕ್ಸ್‌ನಲ್ಲೇ ಕೆಲಸ ನಡೆಯುತ್ತದೆ. ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲದಲ್ಲಿ ಹೊತ್ತು ಅಳೆಯುವ ಕೆಲಸದ ಕೆಲವು ಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಎಲ್ಲಕ್ಕಿಂತ ಹೆಚ್ಚು ಓಗೊಡುತ್ತದೆ.

ಹಾಗೆಂದು ಪೆಟ್ಟಿಗೆಯೂ ಕನ್ನಡಕವೂ ಒಂದೇ ಎಂದು ನಾನು ಯಾರಿಗೂ ಹೇಳುವುದಿಲ್ಲ. 1990ರ ದಶಕದಲ್ಲಿ ಹಣೆಗೆ ಕಟ್ಟುವ ದೀಪಗಳನ್ನು ಪರೀಕ್ಷಿಸಿದಾಗ ಮಂದ ಬೆಳಕು ಪಡೆದವರೂ ಪ್ರಖರ ಬೆಳಕು ಪಡೆದವರೂ ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಸುಧಾರಿಸಿದ್ದರು. ಆಮೇಲೆ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ನಿದ್ರಾ ಸಂಶೋಧನೆಯಿಂದ, ಬೆಲ್ಜಿಯಂನ ಲಿಯೇಜ್‌ನಿಂದ ಹೊಸ ತಲೆಮಾರಿನ ಸಾಧನಗಳು ಬಂದವು. ದೇಹದ ಗಡಿಯಾರವನ್ನು ಸರಿಸುವುದರಲ್ಲಿ ಅವುಗಳ ಮೇಲೆ ನನಗೆ ಭರವಸೆಯಿದೆ. ಖಿನ್ನತೆಯ ವಿಷಯದಲ್ಲಿ ಪೆಟ್ಟಿಗೆಯ ಹಿಂದಿರುವಷ್ಟು ಸಾಕ್ಷ್ಯ ಕನ್ನಡಕದ ಹಿಂದೆ ಇಲ್ಲ. ಇದನ್ನು ಅವರಿಗೂ ಹೇಳಿದೆ.

ತೊಡಕು ಎಲ್ಲಿತ್ತು

ಮೊದಲ ಭೇಟಿಯಲ್ಲಿ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 18 ಬಂತು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಬದುಕು ಸಾಕೆನಿಸಿದ್ದುಂಟು, ಏನಾದರೂ ಮಾಡಿಕೊಳ್ಳುವ ಯೋಜನೆ ಇರಲಿಲ್ಲ. ಖಿನ್ನತೆಯ ಮಾತ್ರೆ ಬೇಡವೆಂದರು. ಕಣ್ಣಿನ ಪರೀಕ್ಷೆ ಮಾಡಿಸಿದೆ, ಅಕ್ಷಿಪಟಲ ಸರಿಯಿತ್ತು. ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿ ಯಾವುದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಈ ಹಿಂದೆ ಯಾವಾಗಲಾದರೂ ಉತ್ಸಾಹ ಅತಿಯಾಗಿ, ನಿದ್ದೆಯೇ ಬೇಡವೆನಿಸಿದ್ದುಂಟೇ ಎಂದು ಕೇಳಿದೆ. "ಇಲ್ಲ" ಎಂದರು. ಇಲ್ಲ ಎಂದೇ ಬರೆದುಕೊಂಡೆ. ಆ ಒಂದು ಪದಕ್ಕೆ ಮುಂದೆ ಬರುತ್ತೇನೆ.

ಅವರು ಕನ್ನಡಕ ಬಳಸುತ್ತಿದ್ದ ಬಗೆ ಹೀಗಿತ್ತು. ಕೈಪಿಡಿಯಲ್ಲಿ "ಬೆಳಿಗ್ಗೆ" ಎಂದಿತ್ತು. ಅವರು 6:30ಕ್ಕೆ ಅಲಾರಂ ಇಟ್ಟು ಎದ್ದು, ಒಂದು ಗಂಟೆ ಧರಿಸಿ, ಮಗಳನ್ನು ಹೊರಡಿಸಿ, ಎಂಟಕ್ಕೆ ಮತ್ತೆ ಕಪ್ಪು ಪರದೆ ಎಳೆದು ಹನ್ನೊಂದೂವರೆವರೆಗೆ ಮಲಗುತ್ತಿದ್ದರು. ಶಿಸ್ತಿನ ಮನುಷ್ಯ, ಒಂದು ದಿನವೂ ತಪ್ಪಿಸಿರಲಿಲ್ಲ. ಕೆಟ್ಟದ್ದು ಹೆಚ್ಚಲು ಆ ಶಿಸ್ತೇ ಕಾರಣವಾಯಿತು.

ಎರಡು ವಾರ ಕನ್ನಡಕ ನಿಲ್ಲಿಸಿ, ಬರೀ ನಿದ್ದೆಯ ಡೈರಿ ಬರೆಯಲು ಹೇಳಿದೆ. ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಎಷ್ಟಕ್ಕೆ, ಅಲಾರಂ ಇಲ್ಲದ ದಿನ ತಾವಾಗಿಯೇ ಎಚ್ಚರವಾದದ್ದು ಎಷ್ಟಕ್ಕೆ. ಖಿನ್ನರಾಗಿ ಬಂದವರಿಗೆ ಎರಡು ವಾರ ಏನೂ ಕೊಡದೆ ಬರೆಯಲು ಹಚ್ಚುವುದು ಸುಲಭದ ನಿರ್ಧಾರವಲ್ಲ. ಅದಕ್ಕೇ ಎರಡು ದಿನಕ್ಕೊಮ್ಮೆ ನಮ್ಮ ನರ್ಸ್ ಫೋನ್ ಮಾಡುವ ಏರ್ಪಾಡು ಮಾಡಿದೆ.

ಡೈರಿ ಬಂದಾಗ ಚಿತ್ರ ಸ್ಪಷ್ಟವಾಯಿತು. ನಿದ್ದೆ ಹತ್ತುತ್ತಿದ್ದದ್ದು 3:30ರಿಂದ 4ರ ನಡುವೆ. ಬಿಡುವಿನ ದಿನ ತಾವಾಗಿ ಏಳುತ್ತಿದ್ದದ್ದು 11:30ಕ್ಕೆ. ನಿದ್ದೆಯ ಪ್ರಮಾಣ ಸರಿಯಾಗಿಯೇ ಇತ್ತು, ಜಾಗ ತಪ್ಪಿತ್ತು.

ಇನ್ನು ಈ ಪ್ರಕರಣದ ತಿರುಳು. ನಮ್ಮ ಮೈಯ ಶಾಖ ದಿನದಲ್ಲಿ ಒಮ್ಮೆ ತೀರ ಕೆಳಗಿಳಿಯುತ್ತದೆ. ಸಹಜವಾಗಿ ಎಚ್ಚರವಾಗುವುದಕ್ಕೆ ಎರಡು ಮೂರು ಗಂಟೆ ಮುಂಚೆ. ಅದೇ ದೇಹದ ನಡುರಾತ್ರಿ. ಅದಾದ ಮೇಲೆ ಬಿದ್ದ ಬೆಳಕು ಗಡಿಯಾರವನ್ನು ಮುಂಚಿತಗೊಳಿಸುತ್ತದೆ, ಮರುದಿನ ನಿದ್ದೆ ಬೇಗ ಬರುತ್ತದೆ. ಅದಕ್ಕೆ ಮೊದಲು ಬಿದ್ದರೆ ಅದೇ ಬೆಳಕು ಗಡಿಯಾರವನ್ನು ಇನ್ನೂ ತಡಮಾಡುತ್ತದೆ. ಹನ್ನೊಂದಕ್ಕೆ ಮಲಗಿ ಏಳಕ್ಕೆ ಏಳುವವರಿಗೆ 6:30 ಎಂದರೆ ಬೆಳಿಗ್ಗೆ. 11:30ಕ್ಕೆ ಏಳುವ ಇವರಿಗೆ ಆ ನಡುರಾತ್ರಿ ಬರುತ್ತಿದ್ದದ್ದೇ ಒಂಬತ್ತರ ಆಸುಪಾಸು. ಅಂದರೆ ಆರೂವರೆಯ ಬೆಳಕು ಅವರ ದೇಹಕ್ಕೆ ಸರಿರಾತ್ರಿಗೂ ಮೊದಲು ಬಿದ್ದ ಬೆಳಕು. ಗಡಿಯಾರ ಅದನ್ನು "ಸಂಜೆ ಇನ್ನೂ ಮುಗಿದಿಲ್ಲ" ಎಂದು ಓದಿಕೊಂಡಿತು. ಆಮೇಲೆ ಬೆಳಕು ನಿಜಕ್ಕೂ ಬೇಕಾಗಿದ್ದ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಅವರು ಕಪ್ಪು ಪರದೆಯ ಹಿಂದಿದ್ದರು.

ಡೈರಿಯ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದಾಗ ಅವರು ಬಹಳ ಹೊತ್ತು ಸುಮ್ಮನೆ ನೋಡುತ್ತ ಕೂತರು. "ಅಂದ್ರೆ ನಾನೇ ದಿನಾ ನನ್ನನ್ನ ಪಶ್ಚಿಮಕ್ಕೆ, ರಾತ್ರಿ ಇನ್ನೂ ತಡವಾಗೋ ಕಡೆಗೆ ತಳ್ಳಿಕೊಂಡೆ" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮಾಡಿದ್ದು

ಡಿಸೆಂಬರ್ 22ರಿಂದ ಶುರುಮಾಡಿದೆವು. ಕಚೇರಿಗೆ ಕ್ರಿಸ್‌ಮಸ್ ರಜೆ, ಆಮೇಲಿನ ದಿನಗಳಿಗೆ ಅರ್ಧ ದಿನದ ಅನಾರೋಗ್ಯ ರಜೆ ಬರೆದುಕೊಟ್ಟೆ. ಇಲ್ಲಿನ ವ್ಯವಸ್ಥೆಯಲ್ಲಿ ಕಾಲು, ಅರ್ಧ, ಮುಕ್ಕಾಲು ರಜೆಯ ಅವಕಾಶವಿದೆ. ಇಂಥ ಚಿಕಿತ್ಸೆಗೆ ಅದು ವರದಾನ, ಏಕೆಂದರೆ ಮೊದಲ ಎರಡು ವಾರ ಅಲಾರಂ ಇಟ್ಟು ಬೇಗ ಏಳುವಂತೆಯೇ ಇಲ್ಲ. ಮಗಳನ್ನು ಬಿಡುವ ಕೆಲಸ ಹೆಂಡತಿ ವಹಿಸಿಕೊಂಡರು.

ಮೊದಲ ದಿನ ಕನ್ನಡಕ ಹಾಕಿದ್ದು 11 ಗಂಟೆಗೆ, ಅರ್ಧ ಗಂಟೆ, ನಡುವಿನ ಮಟ್ಟದಲ್ಲಿ. ಅದಾದ ಕೂಡಲೇ ಹೊರಗೆ ನಡಿಗೆ. ಎರಡು ದಿನಕ್ಕೊಮ್ಮೆ ಏಳುವ ಹೊತ್ತನ್ನೂ ಬೆಳಕಿನ ಹೊತ್ತನ್ನೂ ಅರ್ಧರ್ಧ ಗಂಟೆ ಹಿಂದಕ್ಕೆ ತಂದೆವು. ರಾತ್ರಿ ಒಂಬತ್ತರ ಮೇಲೆ ಮನೆಯಲ್ಲಿ ಮೂಲೆಯ ಹಳದಿ ದೀಪ ಮಾತ್ರ, ರಾತ್ರಿಯ ಕೆಲಸ ಬಂದ್. ದೇಹಕ್ಕೆ ರಾತ್ರಿಯ ಸೂಚನೆ ಕೊಡುವ ಹಾರ್ಮೋನಾದ ಮೆಲಟೋನಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಸೇರಿಸುವ ಆಸೆ ನನಗಿತ್ತು, ತಡೆದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಯಾವುದು ಏನು ಮಾಡಿತು ಎಂದು ತಿಳಿಯುವುದಿಲ್ಲ.

ವರ್ಷದ ಕೊನೆಯ ಹೊತ್ತಿಗೆ 9 ಗಂಟೆಗೆ ಬಂದು ಗಾಡಿ ನಿಂತುಬಿಟ್ಟಿತು. ಐದು ದಿನ ಕದಲಲಿಲ್ಲ. ಬೆಳಕಿನ ಮಟ್ಟ ಹೆಚ್ಚಿಸೋಣವೇ ಎಂದು ಅವರು ಕೇಳಿದರು. ನಾನು ಹೆಂಡತಿಗೆ ಹೇಳಿ ಒಂದು ಫೋಟೋ ತರಿಸಿಕೊಂಡೆ, ಕನ್ನಡಕ ಹಾಕಿಕೊಂಡು ಅಡುಗೆ ಮನೆಯಲ್ಲಿ ನಿಂತಿರುವಾಗ ಪಕ್ಕದಿಂದ ತೆಗೆದದ್ದು. ಸಮೀಪದೃಷ್ಟಿಯ ತಮ್ಮ ಕನ್ನಡಕದ ಮೇಲೆ ಇದನ್ನು ಏರಿಸಿದ್ದರಿಂದ ಅದು ಮುಂದಕ್ಕೆ ಜಾರಿ, ಬೆಳಕಿನ ಬಹುಪಾಲು ಕೆನ್ನೆಯ ಮೇಲೆ ಬೀಳುತ್ತಿತ್ತು! ಬೆಳಕು ಮೇಲಿನಿಂದ, ಆಕಾಶದ ಕಡೆಯಿಂದ ಬಂದಂತೆ ಕಣ್ಣೊಳಗೆ ಇಳಿಯಬೇಕು. ಮೇಲಿನಿಂದ ಬಂದ ಬೆಳಕು ತಲುಪುವ ಅಕ್ಷಿಪಟಲದ ಕೆಳಭಾಗ ಈ ಕೆಲಸಕ್ಕೆ ಹೆಚ್ಚು ಚುರುಕು. ಮೂಗಿನ ಆಧಾರ ಬದಲಿಸಿದರು, ಆ ಅರ್ಧ ಗಂಟೆ ದೃಷ್ಟಿಯ ಕನ್ನಡಕ ತೆಗೆದಿಟ್ಟರು. ಮೂರನೇ ದಿನ ಗಡಿಯಾರ ಮತ್ತೆ ಕದಲಿತು. ಧರಿಸುವ ಸಾಧನದಲ್ಲಿ ಪೆಟ್ಟಿಗೆಗಿಲ್ಲದ ತೊಂದರೆ ಇದು. ಮುಖದ ಆಕಾರ, ಮೂಗಿನ ಎತ್ತರ, ಇರುವ ಕನ್ನಡಕ ಎಲ್ಲವೂ ಚಿಕಿತ್ಸೆಯ ಪ್ರಮಾಣವನ್ನು ಬದಲಿಸುತ್ತವೆ, ಹಾಕಿಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ.

ಜನವರಿ 10ಕ್ಕೆ ಬೆಳಕಿನ ಹೊತ್ತು 7:30, ನಿದ್ದೆ ಹತ್ತುವುದು ಹನ್ನೆರಡೂಕಾಲರ ಸುಮಾರಿಗೆ. ಪಿಎಚ್‌ಕ್ಯೂ-9 ನಾಲ್ಕಕ್ಕೆ ಇಳಿದಿತ್ತು. "ಹತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿರಲಿಲ್ಲ" ಎಂದರು. ನಾನು ಹಿಗ್ಗಿದೆ. 18ರಿಂದ 4ಕ್ಕೆ ಮೂರು ವಾರಗಳೊಳಗೆ ಇಳಿದದ್ದು, ಅದರ ಜೊತೆಗೆ ಆ "ಹತ್ತು ವರ್ಷ" ಎಂಬ ಮಾತು, ಎರಡೂ ಅಲ್ಲೇ ನನ್ನನ್ನು ಎಚ್ಚರಿಸಬೇಕಿತ್ತು.

ನಾಲ್ಕನೇ ವಾರ

ಜನವರಿ 18ರಂದು ಹೆಂಡತಿಯ ಫೋನ್ ಬಂತು. ದೂರು ಹೇಳುವ ದನಿಯಲ್ಲ, ತಬ್ಬಿಬ್ಬಾದ ದನಿ. "ಡಾಕ್ಟ್ರೇ, ಚೆನ್ನಾಗಿದಾರೆ. ಆದ್ರೆ ತೀರಾ ಚೆನ್ನಾಗಿದಾರೆ. ರಾತ್ರಿ ಹನ್ನೆರಡಕ್ಕೆ ಮಲಗ್ತಾರೆ, ನಾಲ್ಕಕ್ಕೆ ಎದ್ದು ಕೂತಿರ್ತಾರೆ. ಸುಸ್ತೇ ಇಲ್ಲ."

ಕೇಳುತ್ತ ಹೋದೆ. ಒಂದು ವಾರದಲ್ಲಿ ಎರಡು ಸೈಕಲ್, ಒಂದು ಕ್ಯಾಮೆರಾ ಬಂದಿವೆ. ಕೆಲಸ ಬಿಟ್ಟು ಸ್ವಂತ ಕಂಪನಿ ತೆರೆಯುವ ಮಾತು ನಡೆದಿದೆ. ಬೆಳಗಿನ ನಾಲ್ಕಕ್ಕೆ ಕಾಲೇಜಿನ ಗೆಳೆಯರಿಗೆ ಒಬ್ಬರಾದ ಮೇಲೊಬ್ಬರಿಗೆ ಫೋನ್. ಗೆಳೆಯರು ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಸ್ವೀಡನ್ನಿನ ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದಿರುತ್ತದೆ, ಅವರಿಗೆ ಅದು ಬೆಳಗಿನ ಎಂಟೂವರೆಯ ಸಾಮಾನ್ಯ ಕರೆ. ವಲಸೆ ಹೋದವರ ಕಾಯಿಲೆಯನ್ನು ದೂರದವರು ಗುರುತಿಸಲಾಗದಿರುವುದಕ್ಕೆ ಹೀಗೂ ಒಂದು ಕಾರಣ ಇರಬಹುದೆಂದು ನಾನು ಎಣಿಸಿರಲಿಲ್ಲ.

ಇನ್ನೊಂದು ಸಂಗತಿ ಆಗ ಹೊರಬಂತು. ಇಷ್ಟು ಒಳ್ಳೆಯದಾಗುವುದಾದರೆ ಇನ್ನಷ್ಟು ಯಾಕಾಗಬಾರದು ಎಂದು ಅವರು ಬೆಳಕನ್ನು ಒಂದು ಗಂಟೆಗೆ ಏರಿಸಿದ್ದರು, ಅತಿ ಹೆಚ್ಚಿನ ಮಟ್ಟದಲ್ಲಿ. ಸಂಜೆಗೂ ಅರ್ಧ ಗಂಟೆ ಸೇರಿಸಿಕೊಂಡಿದ್ದರು. ಮಾತ್ರೆಯಾಗಿದ್ದರೆ ಚೀಟಿ ಮುಗಿಯುತ್ತಿತ್ತು, ಔಷಧಿ ಅಂಗಡಿಯವರು ಕೇಳುತ್ತಿದ್ದರು. ಕನ್ನಡಕಕ್ಕೆ ಅಂಥ ತಡೆ ಯಾವುದೂ ಇಲ್ಲ, ಗುಂಡಿ ಒತ್ತಿದರೆ ಸಾಕು.

ಅದೇ ದಿನ ಅವರನ್ನು ಕರೆಸಿಕೊಂಡೆ. ಹೆಂಡತಿ ಎದುರಿನಲ್ಲೇ ಇದ್ದರು, ಊರಿನಿಂದ ತಾಯಿ ವಿಡಿಯೋ ಕರೆಯಲ್ಲಿ. ಎಂಜಿನಿಯರಿಂಗ್ ಕೊನೆಯ ವರ್ಷದ ಬಗ್ಗೆ ತಾಯಿಯನ್ನು ಕೇಳಿದಾಗ ಅವರ ಮುಖ ಅರಳಿತು. "ಆಗ ಅವನು ಎಷ್ಟು ಲವಲವಿಕೆಯಿಂದ ಇದ್ದ ಅಂತೀರಿ ಡಾಕ್ಟ್ರಮ್ಮಾ! ಮೂರು ವಾರ ರಾತ್ರಿ ಎರಡು ಗಂಟೆ ಮಲಗಿದ್ರೆ ಹೆಚ್ಚು. ಇಡೀ ಕಾಲೇಜಿನ ಹಬ್ಬ ಒಬ್ಬನೇ ಮಾಡಿಸಿದ. ಸಾಲ ಮಾಡಿ ಬೈಕ್ ತಗೊಂಡು ಗೆಳೆಯನಿಗೆ ಕೊಟ್ಟುಬಿಟ್ಟ." ಸ್ವಲ್ಪ ತಡೆದು, ದನಿ ತಗ್ಗಿಸಿ, "ಅವನ ದೊಡ್ಡಪ್ಪನೂ ಹಾಗೇ. ಅವರನ್ನ ಧಾರವಾಡದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು. ಮನೆಯಲ್ಲಿ ಅದನ್ನ ಮಾತಾಡಲ್ಲ" ಎಂದರು.

ಅವರದ್ದು ಬರೀ ಖಿನ್ನತೆಯಲ್ಲ, ಖಿನ್ನತೆಯೂ ಅತಿ ಉತ್ಸಾಹದ ಉನ್ಮಾದವೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆ. ಡಿಸೆಂಬರಿನಲ್ಲಿ ನಾನು ಬರೆದುಕೊಂಡ "ಇಲ್ಲ" ಎಂಬುದು ಸುಳ್ಳಾಗಿರಲಿಲ್ಲ. ಅವರ ನೆನಪಿನಲ್ಲಿ ಆ ಮೂರು ವಾರ ಕಾಯಿಲೆಯಾಗಿ ಉಳಿದಿರಲಿಲ್ಲ, ಬಾಳಿನ ಅತಿ ಒಳ್ಳೆಯ ದಿನಗಳಾಗಿ ಉಳಿದಿದ್ದವು. ಪ್ರಶ್ನೆ ಕೇಳಬೇಕಾಗಿದ್ದದ್ದು ಜೊತೆಯಲ್ಲಿ ಬದುಕಿದವರನ್ನು. ಅದನ್ನು ಚಿಕಿತ್ಸೆಗೆ ಮೊದಲೇ ಮಾಡದಿದ್ದದ್ದು ನನ್ನ ತಪ್ಪು. ಕನ್ನಡದಲ್ಲೇ ಮಾತಾಡಬಲ್ಲ ನನಗೆ ಆ ತಾಯಿಯೊಂದಿಗೆ ಹತ್ತು ನಿಮಿಷ ಮಾತಾಡುವುದು ಕಷ್ಟವಿರಲಿಲ್ಲ.

ಈ ಚಿಕಿತ್ಸೆಯ ಇತಿಹಾಸವನ್ನು ಬಲ್ಲವಳಾಗಿ ನನಗೆ ಇದು ಇನ್ನೂ ನಾಚಿಕೆಯ ವಿಷಯ. ಪ್ರಖರ ಬೆಳಕು ಮನುಷ್ಯರಲ್ಲಿ ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತದೆ ಎಂದು ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಅದರ ಬೆನ್ನಿಗೇ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಹರ್ಬರ್ಟ್ ಕರ್ನ್ ಎಂಬ ಎಂಜಿನಿಯರಿಗೆ ಬೆಳಕಿನಿಂದ ಚಿಕಿತ್ಸೆ ಮಾಡಿದರು. ತಮ್ಮ ಏರಿಳಿತಗಳನ್ನು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟು, ಅದು ಋತುವಿನೊಂದಿಗೆ ತಿರುಗುತ್ತದೆಂದು ಕಂಡುಕೊಂಡಿದ್ದವರು ಅವರೇ. 1982ರಲ್ಲಿ ಪ್ರಕಟವಾದ ವರದಿಗೆ ಅವರೂ ಒಬ್ಬ ಲೇಖಕರು, ಅದು ಅವರನ್ನು ಮ್ಯಾನಿಕ್-ಡಿಪ್ರೆಸಿವ್, ಅಂದರೆ ಇಂದಿನ ಮಾತಿನಲ್ಲಿ ಬೈಪೋಲಾರ್, ರೋಗಿ ಎಂದೇ ಕರೆಯಿತು. ಬಿಸಿಲಿನ ಜೊಹಾನ್ಸ್‌ಬರ್ಗ್‌ನಿಂದ ಅಮೆರಿಕಕ್ಕೆ ಬಂದು ಅಲ್ಲಿನ ಚಳಿಗಾಲದಲ್ಲಿ ತಾವೇ ಕುಗ್ಗಿದ್ದ ನಾರ್ಮನ್ ರೋಸೆಂತಾಲ್ 1984ರಲ್ಲಿ ಋತುಮಾನದ ಖಿನ್ನತೆಯನ್ನು ಮೊದಲು ವಿವರಿಸಿದಾಗ, ಅವರ 29 ರೋಗಿಗಳಲ್ಲಿ 27 ಮಂದಿಗೆ ಬೈಪೋಲಾರ್ ಇತ್ತು. ಬೆಳಕು ಮೊದಲಿನಿಂದಲೂ ಇಂಥವರ ಮದ್ದು. ಮೇಲೆತ್ತುವ ಶಕ್ತಿಯಿರುವ ಮದ್ದು ಅತಿಯಾಗಿಯೂ ಎತ್ತಬಲ್ಲದು.

ಕನ್ನಡಕವನ್ನು ಅಂದೇ ನಿಲ್ಲಿಸಿದೆವು. ಅದು ನನ್ನ ಕಪಾಟಿನಲ್ಲಿರಲಿ ಎಂದು ಅವರೇ ಕೊಟ್ಟರು. ಸ್ವಲ್ಪ ವಾದ ಮಾಡಿಯೇ ಕೊಟ್ಟರು. ಬ್ಯಾಂಕಿನ ಕಾರ್ಡನ್ನು ಹೆಂಡತಿಗೆ ಒಪ್ಪಿಸಿದರು. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ನೀಲಿ ಬೆಳಕು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ, ಇಲ್ಲವೇ ಕತ್ತಲೆ. ನಾರ್ವೆಯಲ್ಲಿ ಉನ್ಮಾದದಿಂದ ಆಸ್ಪತ್ರೆ ಸೇರಿದ 23 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ್ದರು, ಒಂದು ವಾರದೊಳಗೇ ಗಣನೀಯ ಇಳಿಕೆ ಕಂಡಿತ್ತು. ನಿದ್ದೆಗೆ ಕೆಲವು ರಾತ್ರಿ ಕ್ವೆಟಿಯಾಪಿನ್ ಕೊಟ್ಟೆ. ಮುಂದಿನ ದಿನಗಳಿಗೆ ಮನಸ್ಥಿತಿ ಸ್ಥಿರವಾಗಿಡುವ ಔಷಧಿ ಲ್ಯಾಮೋಟ್ರಿಜಿನ್, 25 ಮಿಲಿಗ್ರಾಂನಿಂದ ಶುರುಮಾಡಿ ನಿಧಾನ ಏರಿಕೆ, ಮೈಮೇಲೆ ಗುಳ್ಳೆ ಕಂಡರೆ ಕೂಡಲೇ ಫೋನ್ ಮಾಡಬೇಕೆಂಬ ಎಚ್ಚರಿಕೆಯೊಂದಿಗೆ. ಹತ್ತನೇ ದಿನಕ್ಕೆ ಏಳು ಗಂಟೆ ನಿದ್ದೆ. ಒಂದು ಸೈಕಲ್ ಅಂಗಡಿಗೆ ವಾಪಸ್ ಹೋಯಿತು. ಕ್ಯಾಮೆರಾ ಉಳಿಯಿತು, ಅದು ಅವರ ಹಳೆಯ ಆಸೆಯಂತೆ.

ಆಮೇಲಿನ ದಿನಗಳು

ಫೆಬ್ರವರಿಯಲ್ಲಿ ಮನಸ್ಸು ಮತ್ತೆ ತುಸು ಇಳಿಯಿತು. ಬೆಳಕನ್ನು ಪೂರ್ತಿ ಬಿಡುವುದೋ ಬೇರೆ ರೀತಿಯಲ್ಲಿ ಕೊಡುವುದೋ ಎಂಬ ಪ್ರಶ್ನೆ ಎದ್ದಿತು. ಬೈಪೋಲಾರ್ ಖಿನ್ನತೆಯಲ್ಲಿ ಬೆಳಗಿನ ಬೆಳಕಿನಿಂದ ಕೆಲವರಿಗೆ ಖಿನ್ನತೆ, ಉದ್ರೇಕ ಎರಡೂ ಬೆರೆತ ಸ್ಥಿತಿ ಬಂದದ್ದನ್ನು ಕಂಡ ಡೊರೊಥಿ ಸಿಟ್ ಮತ್ತು ಸಂಗಡಿಗರು ಬೆಳಕನ್ನು ನಡುಹಗಲಿಗೆ ಸರಿಸಿ ಪರೀಕ್ಷಿಸಿದ್ದರು. 2018ರ ಅವರ ಅಧ್ಯಯನದಲ್ಲಿ 46 ಮಂದಿಯಿದ್ದರು. ಮನಸ್ಥಿತಿ ಸ್ಥಿರವಾಗಿಡುವ ಔಷಧಿಯ ಜೊತೆಗೆ, ನಡುಹಗಲಲ್ಲಿ 15 ನಿಮಿಷದಿಂದ ಶುರುಮಾಡಿ ವಾರವಾರ ಏರಿಸಿದ್ದರು. ಪ್ರಖರ ಬೆಳಕು ಪಡೆದವರಲ್ಲಿ ಶೇಕಡ 68 ಮಂದಿ, ಮಂದ ಬೆಳಕು ಪಡೆದವರಲ್ಲಿ ಶೇಕಡ 22 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಅದು ಪೆಟ್ಟಿಗೆಯ ಬೆಳಕು, ಕನ್ನಡಕದ್ದಲ್ಲ. ಆದ್ದರಿಂದ ನಾವೂ ಪೆಟ್ಟಿಗೆಗೆ ಮರಳಿದೆವು. ಅವರ ಕಚೇರಿಯ ಮೇಜಿನ ಮೇಲೆ, ಮಧ್ಯಾಹ್ನ 12:30ಕ್ಕೆ, ಊಟ ಮಾಡುತ್ತಲೇ. 15 ನಿಮಿಷದಿಂದ 45ಕ್ಕೆ ಏರಿಸಿ ಅಲ್ಲಿಗೇ ನಿಲ್ಲಿಸಿದೆವು. ಎರಡು ಸಲ 30ಕ್ಕೆ ಇಳಿಸಿದ್ದೂ ಉಂಟು, ಹೆಂಡತಿಯ ಒಂದು ಫೋನಿನ ಮೇಲೆ.

ನಡುಹಗಲಿನ ಬೆಳಕು ಗಡಿಯಾರವನ್ನು ಹೆಚ್ಚು ಸರಿಸುವುದಿಲ್ಲ. ಸರಿಸಬೇಕಾದದ್ದು ಆಗಲೇ ಸರಿದಿತ್ತು, ಉಳಿಸಿಕೊಳ್ಳುವುದಷ್ಟೇ ಬಾಕಿ. ದಿನವೂ ಏಳಕ್ಕೆ ಏಳುವುದು, ಭಾನುವಾರವೂ. ಮಗಳನ್ನು ನಡೆಸಿಕೊಂಡೇ ಶಾಲೆಗೆ ಬಿಡುವುದು. ಫೆಬ್ರವರಿ ಮಧ್ಯದ ಹೊತ್ತಿಗೆ ಸೂರ್ಯನೂ ಏಳೂವರೆಯ ಸುಮಾರಿಗೆ ಬರತೊಡಗಿದ್ದ. ಮಾರ್ಚಿಯಲ್ಲಿ ಅವರು ಪೂರ್ತಿ ಕೆಲಸಕ್ಕೆ ಮರಳಿದರು.

ಬೇಸಿಗೆಯನ್ನು ನಾನು ಮರೆತಿರಲಿಲ್ಲ, ಆದರೆ ಅದರ ಬಿರುಸು ಎಣಿಸಿರಲಿಲ್ಲ. ಜೂನ್‌ನಲ್ಲಿ ಇಲ್ಲಿ ಹಗಲು ಹದಿನೆಂಟೂವರೆ ಗಂಟೆ, ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ. ನಿದ್ದೆ ಆರು ಗಂಟೆಗೆ ಇಳಿದು ಮಾತು ಹೆಚ್ಚಾಯಿತು. ಈ ಸಲ ಅವರೇ ಫೋನ್ ಮಾಡಿದರು. ಡಿಸೆಂಬರಿನಲ್ಲಿ ಅವರಿಗೆ ಕೇಡು ಮಾಡಿದ ಅದೇ ಕಪ್ಪು ಪರದೆ ಜೂನ್‌ನಲ್ಲಿ ಮದ್ದಾಯಿತು, ಸಂಜೆ ಎಂಟರಿಂದ ಕಿತ್ತಳೆ ಕನ್ನಡಕವೂ. ಮಾತ್ರೆಯ ಪ್ರಮಾಣ ಬದಲಿಸಬೇಕಾಗಲಿಲ್ಲ.

ಈ ಪ್ರಕರಣದ ನಂತರ ನನ್ನ ಕೆಲಸದ ರೀತಿ ಬದಲಾಗಿದೆ. ಬೆಳಕಿನ ಕನ್ನಡಕ ಕೊಂಡಿದ್ದೇನೆ ಎನ್ನುವವರನ್ನು ಮೊದಲು ಕೇಳುವುದು, ಅಲಾರಂ ಇಲ್ಲದ ದಿನ ಎಷ್ಟಕ್ಕೆ ಏಳುತ್ತೀರಿ ಎಂದು. ಆ ಉತ್ತರವಿಲ್ಲದೆ "ಬೆಳಿಗ್ಗೆ ಹಾಕಿಕೊಳ್ಳಿ" ಎಂಬ ಸಲಹೆಗೆ ಅರ್ಥವಿಲ್ಲ. ಕನ್ನಡಕವನ್ನು ನನ್ನೆದುರೇ ಹಾಕಿಸಿ ಬೆಳಕು ಎಲ್ಲಿ ಬೀಳುತ್ತದೆಂದು ನೋಡುತ್ತೇನೆ. ಅದನ್ನು ಹಾಕಿಕೊಂಡು ಗಾಡಿ ಓಡಿಸುವುದಿಲ್ಲ ಎಂದು ಮಾತು ತೆಗೆದುಕೊಳ್ಳುತ್ತೇನೆ. ಶುರುಮಾಡುವ ಮೊದಲು ಅಮ್ಮನೋ ಅಕ್ಕನೋ ಹಳೆಯ ಗೆಳೆಯನೋ, ಅವರನ್ನು ಇಪ್ಪತ್ತರ ವಯಸ್ಸಿನಲ್ಲಿ ಕಂಡ ಒಬ್ಬರೊಂದಿಗೆ ಮಾತಾಡಿಸಲು ಒಪ್ಪಿಗೆ ಕೇಳುತ್ತೇನೆ. ಕಾಯಿಲೆ ಇತ್ತೇ ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಅವರು ಅತಿ ಖುಷಿಯಾಗಿದ್ದ ದಿನಗಳ ಬಗ್ಗೆ ಹೇಳಿ ಎಂದರೆ ತೆರೆಯುತ್ತದೆ. ಮೂರು ವಾರದೊಳಗೆ ಯಾರಾದರೂ ಪೂರ್ತಿ ಗುಣವಾದೆ ಎಂದರೆ ಮುಂದಿನ ಭೇಟಿಯನ್ನು ಬೇಗ ಇಟ್ಟುಕೊಳ್ಳುತ್ತೇನೆ.

ಅವರಿಗೆ ಇದೀಗ ನಾಲ್ಕನೇ ಚಳಿಗಾಲ. ಸೆಪ್ಟೆಂಬರ್ ಕೊನೆಗೇ ನಡುಹಗಲಿನ ನಡಿಗೆ ಶುರುವಾಗಿತ್ತು, ಅಕ್ಟೋಬರ್ ಮಧ್ಯದಲ್ಲಿ ದೀಪದ ಪೆಟ್ಟಿಗೆ ಮೇಜಿಗೇರಿತು. ಕನ್ನಡಕ ಇನ್ನೂ ನನ್ನ ಕಪಾಟಿನಲ್ಲಿದೆ. ವಾಪಸ್ ಬೇಕೇ ಎಂದು ಪ್ರತಿ ವರ್ಷ ಕೇಳುತ್ತೇನೆ, ಇನ್ನೊಂದು ವರ್ಷ ಅಲ್ಲೇ ಇರಲಿ ಎನ್ನುತ್ತಾರೆ. ಅವರ ಮನೆಯ ಫ್ರಿಜ್ಜಿನ ಮೇಲೆ ಹೆಂಡತಿ ಅಂಟಿಸಿದ ಒಂದು ಹಾಳೆಯಿದೆ. ಎಷ್ಟು ಗಂಟೆ ನಿದ್ದೆ, ಏಳು ಗಂಟೆಗೆ ಮೊದಲು ಊರಿಗೆ ಎಷ್ಟು ಫೋನ್, ಎರಡೇ ಕಲಂ. ತಾಯಿಯೂ ಈಗ ಕರೆ ಮಾಡಿದರೆ "ಊಟ ಆಯ್ತಾ" ಎನ್ನುವ ಮೊದಲು "ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ" ಎಂದು ಕೇಳುತ್ತಾರಂತೆ.